ಎಣಿಸಿದ ಮೇಲೆ ಮತ ಎಲ್ಲಿಗೆ ಹೋಗುತ್ತದೆ?

2018ರ ಮೇ 12. ಹಾಸನ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿ; ಚುನಾವಣೆ ಡ್ಯೂಟಿಗೆ ಹೋದವರ ಬಾಯಲ್ಲಿ ಪಿಆರ್‌ಓ. ಸಂಜೆ ಆರಕ್ಕೆ ಗೇಟು ಹಾಕಿಸಿ, ಸಾಲಿನಲ್ಲಿ ಉಳಿದವರಿಗೆ ಚೀಟಿ ಕೊಟ್ಟು, ಕೊನೆಯ ಮತ ಬೀಳುವಾಗ ಆರೂಮುಕ್ಕಾಲು. ಕಂಟ್ರೋಲ್ ಯೂನಿಟ್‌ನ ಟೋಟಲ್ ಗುಂಡಿ ಒತ್ತಿದೆ. 811 ಎಂದು ತೋರಿಸಿತು. 17ಎ ರಿಜಿಸ್ಟರಿನ ಕೊನೆಯ ಕ್ರಮಸಂಖ್ಯೆ 812.

ಒಂದು ಮತ ಕಡಿಮೆ.

ಹೊರಗೆ ಗುಡುಗು, ಕರೆಂಟ್ ಇಲ್ಲ. ಟಾರ್ಚ್ ಬೆಳಕಿನಲ್ಲಿ ನಾಲ್ವರೂ ನೆಲದ ಮೇಲೆ ಕೂತು ರಿಜಿಸ್ಟರಿನ ಒಂದೊಂದೇ ಸಹಿ, ಒಂದೊಂದೇ ಹೆಬ್ಬೆಟ್ಟು ನೋಡುತ್ತಾ ಬಂದೆವು. ಮೂರೂ ಪಕ್ಷದ ಏಜೆಂಟರು ತಲೆ ಮೇಲೆ ಬಗ್ಗಿ ನಿಂತಿದ್ದರು. ಮಸ್ಟರಿಂಗ್ ಕೇಂದ್ರದ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ಮುಕ್ಕಾಲು ಗಂಟೆಯ ನಂತರ ಸಿಕ್ಕಿತು. ಮಧ್ಯಾಹ್ನ ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಮೇಲೆ, ‘ನಾ ಯಾರ್ಗೂ ಹಾಕಾಕಿಲ್ಲ ಕಣಪ್ಪ, ಎಲ್ಲಾ ನಮ್ಮೋರೇಯ’ ಎಂದು ಹೇಳಿ ಮನೆಗೆ ಹೋಗಿಬಿಟ್ಟಿದ್ದರು. ನಮ್ಮ ಪೋಲಿಂಗ್ ಆಫೀಸರ್ ಷರಾ ಕಾಲಂನಲ್ಲಿ ಬರೆದುಕೊಂಡಿದ್ದರು, ನನಗೆ ಹೇಳಲು ಮರೆತಿದ್ದರು. 17ಸಿ ನಮೂನೆಯಲ್ಲಿ ಮತ ಹಾಕಲು ಇಚ್ಛಿಸದವರ ಸಂಖ್ಯೆಗೆಂದೇ ಒಂದು ಸಾಲಿದೆ. ಅಲ್ಲಿ 1 ಎಂದು ಬರೆದಾಗ ಲೆಕ್ಕ ತಾಳೆಯಾಯಿತು. ಏಜೆಂಟರು ಸಹಿ ಹಾಕಿದರು, ನಾವು ಬಸ್ಸು ಹತ್ತಿದೆವು.

ಆ ರಾತ್ರಿಯ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಒಂದೇ ಒಂದು ಮತಕ್ಕಾಗಿ ಇಷ್ಟು ಒದ್ದಾಡುವ ವ್ಯವಸ್ಥೆ ನಮ್ಮದು. ಒದ್ದಾಡಬೇಕಾದ್ದೇ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂತು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಧ್ರುವನಾರಾಯಣ ಒಂದು ಮತದಿಂದ ಶಾಸಕರಾದರು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದು ಮತದಿಂದ ಸೋತರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ ಬರೀ 16. ಇಂಥ ಕಡೆ ಅಜ್ಜಿಯೊಬ್ಬರ ಷರಾ ಮರೆತರೆ ಏನಾಗುತ್ತದೆಂದು ಡ್ಯೂಟಿ ಮಾಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಚುನಾವಣೆ ನ್ಯಾಯವಾಗಿ ನಡೆಯಿತೇ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ಕಣ್ಣು ಈ ಮತಗಟ್ಟೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಯಂತ್ರ ಸರಿಯಿತ್ತೇ, ಪಟ್ಟಿಯಲ್ಲಿ ಹೆಸರಿತ್ತೇ, ದುಡ್ಡು ಹಂಚಿದರೇ. ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಇವೆಲ್ಲಕ್ಕೂ ಸಮಾಧಾನಕರ ಉತ್ತರ ಸಿಕ್ಕಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಎಣಿಸಿದ ಮತಗಳನ್ನು ಸೀಟುಗಳಾಗಿ ಬದಲಾಯಿಸುವ ಲೆಕ್ಕ ನ್ಯಾಯವಾಗಿದೆಯೇ? ಪಿಯು ಮಕ್ಕಳಿಗೆ ವರ್ಷವೂ ರಾಜ್ಯಶಾಸ್ತ್ರ ಪಾಠ ಮಾಡುತ್ತಾ, ಆ ಅಧ್ಯಾಯವನ್ನು ಎರಡು ಪೀರಿಯಡ್‌ನಲ್ಲಿ ಮುಗಿಸುತ್ತಾ ಬಂದಿದ್ದ ನನಗೆ ಅದು ಚುಚ್ಚಿದ್ದು ಆ ಮೇ ತಿಂಗಳಲ್ಲೇ.

ಫಲಿತಾಂಶ ಬಂದ ವಾರದಲ್ಲೇ ನಮ್ಮ ಗಣಿತದ ಉಪನ್ಯಾಸಕರು ಸ್ಟಾಫ್ ರೂಮಿಗೆ ಒಂದು ಹಾಳೆ ಹಿಡಿದುಕೊಂಡು ಬಂದರು. ‘ಸಾರ್, ಇದನ್ನ ನಿಮ್ಮ ಶಾಸ್ತ್ರದಲ್ಲಿ ಏನಂತೀರಿ?’ ಎಂದು ನನ್ನ ಮುಂದಿಟ್ಟರು. ಕಾಂಗ್ರೆಸ್ಸಿಗೆ 2013ರಲ್ಲಿ ಶೇ 36.6 ಮತ, 122 ಸೀಟು. 2018ರಲ್ಲಿ ಶೇ 38 ಮತ. ಆಗ ಮುಂದೂಡಿದ್ದ ಎರಡು ಕ್ಷೇತ್ರಗಳೂ ಸೇರಿ ಕೊನೆಗೆ 80 ಸೀಟು. ಮತದ ಪಾಲು ಏರಿತು, 42 ಸೀಟು ಇಳಿಯಿತು. ಅದೇ ಚುನಾವಣೆಯಲ್ಲಿ ಶೇ 36 ಚಿಲ್ಲರೆ ಮತ ಪಡೆದ ಬಿಜೆಪಿಗೆ 104. ‘ಕಡಿಮೆ ಅಂಕ ತೆಗೆದವನಿಗೆ ಫಸ್ಟ್ ಕ್ಲಾಸು’ ಎಂದರು ಅವರು.

ಒಂದು ಪಕ್ಷಕ್ಕೆ ಅನ್ಯಾಯವಾಯಿತೆಂದು ಇದನ್ನು ಓದಬೇಡಿ. ಐದು ವರ್ಷ ಬಿಟ್ಟು 2023ರಲ್ಲಿ ಅದೇ ಲೆಕ್ಕ ಮಗ್ಗುಲು ಬದಲಿಸಿತು. ಬಿಜೆಪಿಯ ಮತದ ಪಾಲು ಹೆಚ್ಚುಕಡಿಮೆ ಹಾಗೇ ಇತ್ತು, ಶೇ 36. ಸೀಟು 104ರಿಂದ 66ಕ್ಕೆ ಬಿತ್ತು. ಆ ಪಕ್ಷವನ್ನು ಬೆಂಬಲಿಸುವವರ ಪ್ರಮಾಣ ಕದಲಲಿಲ್ಲ, ಸದನದಲ್ಲಿ ಅವರ ದನಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿತು. ಹಿಂದಕ್ಕೆ ಹೋದರೆ ಇನ್ನೂ ಇವೆ. 2004ರಲ್ಲಿ ಕಾಂಗ್ರೆಸ್ಸಿಗೆ ಶೇ 35 ಮತ, 65 ಸೀಟು. ಬಿಜೆಪಿಗೆ ಶೇ 28 ಮತ, 79 ಸೀಟು. 2008ರಲ್ಲೂ ಮತದಲ್ಲಿ ಮುಂದಿದ್ದವರು 80, ಹಿಂದಿದ್ದವರು 110. ಜನತಾದಳ ಗೆದ್ದ 1994ರಲ್ಲಿ ಶೇ 27ರಷ್ಟು ಮತ ಪಡೆದ ಪಕ್ಷ 34 ಸೀಟಿನೊಂದಿಗೆ ಮೂರನೇ ಸ್ಥಾನಕ್ಕೆ ಹೋಯಿತು, ಶೇ 17ರಷ್ಟು ಪಡೆದ ಪಕ್ಷ 40 ಸೀಟಿನೊಂದಿಗೆ ವಿರೋಧ ಪಕ್ಷದ ಸಾಲಿನಲ್ಲಿ ಕೂತಿತು. 2004ರಿಂದೀಚೆಗೆ, ಇಪ್ಪತ್ತು ವರ್ಷದೊಳಗೆ, ಕರ್ನಾಟಕದಲ್ಲಿ ಮೂರು ಬಾರಿ ಅತಿ ಹೆಚ್ಚು ಮತ ಪಡೆದವರು ಕಡಿಮೆ ಸೀಟು ಪಡೆದಿದ್ದಾರೆ. ಇದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಾರಣ ಗುಟ್ಟೇನಲ್ಲ. ಒಂದು ಕ್ಷೇತ್ರವನ್ನು ಐವತ್ತು ಸಾವಿರ ಅಂತರದಿಂದ ಗೆದ್ದರೂ ಒಂದೇ ಸೀಟು, ಐನೂರು ಅಂತರದಿಂದ ಗೆದ್ದರೂ ಒಂದೇ ಸೀಟು. ಮತಗಳು ಒಂದೇ ಕಡೆ ರಾಶಿ ಬಿದ್ದರೆ ಮೇಲಿನದೆಲ್ಲ ವ್ಯರ್ಥ. ಎಲ್ಲ ಕಡೆ ತೆಳುವಾಗಿ ಹರಡಿದರೆ ಎಲ್ಲವೂ ವ್ಯರ್ಥ. 2014ರ ಲೋಕಸಭಾ ಚುನಾವಣೆಯಲ್ಲಿ ಬಿಎಸ್‌ಪಿ ದೇಶದಲ್ಲಿ ಎರಡು ಕಾಲು ಕೋಟಿಗೂ ಹೆಚ್ಚು ಮತ ಪಡೆದು ಒಂದು ಸೀಟನ್ನೂ ಗೆಲ್ಲಲಿಲ್ಲ. ಅದಕ್ಕಿಂತ ಕಡಿಮೆ ಮತ ಪಡೆದ ಅಣ್ಣಾಡಿಎಂಕೆ, ಬಹುತೇಕ ಅಷ್ಟನ್ನೂ ತಮಿಳುನಾಡೊಂದರಲ್ಲೇ ಪಡೆದದ್ದರಿಂದ, 37 ಗೆದ್ದಿತು. ಈ ಪದ್ಧತಿಯನ್ನು ನಮಗೆ ಕೊಟ್ಟ ಬ್ರಿಟನ್ನಿನಲ್ಲಿ 2024ರಲ್ಲಿ ಲೇಬರ್ ಪಕ್ಷ ಶೇ 34ರಷ್ಟು ಮತಕ್ಕೆ 650ರಲ್ಲಿ 411 ಸೀಟು ಪಡೆಯಿತು. ಶೇ 14ರಷ್ಟು ಪಡೆದ ರಿಫಾರ್ಮ್ ಪಕ್ಷಕ್ಕೆ ಸಿಕ್ಕಿದ್ದು ಐದೇ ಐದು.

ಹಾಗಾದರೆ ಇದನ್ನು ನಮ್ಮವರು ಯೋಚಿಸದೆ ಒಪ್ಪಿಕೊಂಡರೇ? ಇಲ್ಲ. 1949ರ ಜನವರಿ 4ರಂದು ಸಂವಿಧಾನ ಸಭೆಯಲ್ಲಿ ಇದೇ ಚರ್ಚೆ ನಡೆಯಿತು. ಪ್ರಮಾಣಾನುಗುಣ ಪ್ರಾತಿನಿಧ್ಯ ಬೇಕೆಂದು ಕಾಜಿ ಸೈಯದ್ ಕರೀಮುದ್ದೀನ್ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಅವರ ಮುಖ್ಯ ಕಾರಣಗಳು ಎರಡು. ಒಂದು, ಮತಪತ್ರದಲ್ಲಿ ಅಂಕಿ ಗುರುತಿಸಿ ಬರೆಯುವಷ್ಟು ಅಕ್ಷರ ನಮ್ಮ ಜನಕ್ಕೆ ಬಂದಿಲ್ಲ. ಇನ್ನೊಂದು, ಶಾಸನಸಭೆ ಚೂರುಚೂರಾಗಿ ಸರ್ಕಾರ ನಿಲ್ಲುವುದಿಲ್ಲ. ಆಗಷ್ಟೇ ಹುಟ್ಟಿದ್ದ, ದಂಗೆಗಳಲ್ಲಿ ಬೆಂದಿದ್ದ ದೇಶಕ್ಕೆ ಗಟ್ಟಿಯಾದ ಸರ್ಕಾರ ಬೇಕು ಎಂಬುದು ಅವರ ಕಾಳಜಿ. ಅಂದು ನಾನು ಆ ಸಭೆಯಲ್ಲಿದ್ದಿದ್ದರೆ ಅವರ ಪರವೇ ಕೈ ಎತ್ತುತ್ತಿದ್ದೆ.

ಆದರೆ ಅದಕ್ಕೆ ಸರಿಯಾಗಿ ಎರಡು ತಿಂಗಳ ಹಿಂದೆ, 1948ರ ನವೆಂಬರ್ 4ರಂದು, ಕರಡು ಸಂವಿಧಾನ ಮಂಡಿಸುತ್ತಾ ಅವರೇ ಆಡಿದ ಮಾತನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಮೆರಿಕದ ಅಧ್ಯಕ್ಷೀಯ ಪದ್ಧತಿ ಮತ್ತು ಬ್ರಿಟನ್ನಿನ ಸಂಸದೀಯ ಪದ್ಧತಿಗಳನ್ನು ತೂಗಿ ನೋಡಿ, ಮೊದಲನೆಯದರಲ್ಲಿ ಸ್ಥಿರತೆ ಹೆಚ್ಚು, ಎರಡನೆಯದರಲ್ಲಿ ಹೊಣೆಗಾರಿಕೆ ಹೆಚ್ಚು, ಎರಡೂ ಸಮನಾಗಿ ಸಿಗುವ ಪದ್ಧತಿ ಯಾವುದೂ ಇಲ್ಲ ಎಂದು ಅವರು ವಿವರಿಸಿದ್ದರು. ಕರಡು ಸಮಿತಿ ಹೊಣೆಗಾರಿಕೆಯನ್ನು ಆರಿಸಿಕೊಂಡಿತು. ಅಂದರೆ ಸರ್ಕಾರದ ಸ್ವರೂಪ ನಿರ್ಧರಿಸುವಾಗ ಸ್ಥಿರತೆಗಿಂತ ಹೊಣೆಗಾರಿಕೆ ದೊಡ್ಡದೆನಿಸಿತು. ಮತದ ಲೆಕ್ಕ ನಿರ್ಧರಿಸುವಾಗ ಸ್ಥಿರತೆ ಮೇಲಾಯಿತು. ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಕಾಲ ನೋಡಿ ಮಾಡಿದ ಆಯ್ಕೆಯನ್ನು ಕಾಲ ಬದಲಾದ ಮೇಲೆ ಮತ್ತೆ ತಕ್ಕಡಿಗೆ ಹಾಕಬಹುದು ಎಂಬುದಷ್ಟೇ ನನ್ನ ಮಾತು.

ಹಾಕಿ ನೋಡಿದರೆ? 1951ರಲ್ಲಿ ದೇಶದ ಸಾಕ್ಷರತೆ ಶೇ 18ರ ಆಸುಪಾಸು. 2011ರ ಜನಗಣತಿಯಲ್ಲಿ ಕರ್ನಾಟಕದ್ದು ಶೇ 75. ಮೊದಲ ಕಾರಣಕ್ಕಿದ್ದ ಬಲ ಈಗ ಉಳಿದಿಲ್ಲ. ಇನ್ನು ಸ್ಥಿರತೆ. 2004ರಿಂದ 2008ರೊಳಗೆ ನಾವು ಮೂವರು ಮುಖ್ಯಮಂತ್ರಿಗಳನ್ನು ಕಂಡೆವು, ಅವರಲ್ಲೊಬ್ಬರ ಅಧಿಕಾರ ಒಂದು ವಾರವಷ್ಟೇ. 2008ರಿಂದ 2013ರವರೆಗೆ ಒಂದೇ ಪಕ್ಷ ಆಳಿದರೂ ಮೂವರು. 2018ರ ಮೇ 17ರಂದು ಪ್ರಮಾಣವಚನ, 19ರಂದು ರಾಜೀನಾಮೆ. ನಂತರ ಹದಿನಾಲ್ಕು ತಿಂಗಳ ಮೈತ್ರಿ ಸರ್ಕಾರ. ಶಾಸಕರ ರಾಜೀನಾಮೆ, 17 ಮಂದಿಯ ಅನರ್ಹತೆ, ಉಪಚುನಾವಣೆ, ಮತ್ತೆ ಇಬ್ಬರು ಮುಖ್ಯಮಂತ್ರಿಗಳು. ಸ್ಥಿರತೆಗೆಂದು ಮತದ ನ್ಯಾಯವನ್ನು ಬಿಟ್ಟುಕೊಟ್ಟೆವು. ಸ್ಥಿರತೆಯೂ ಕೈಗೆ ಸಿಗಲಿಲ್ಲ.

ಪಕ್ಕದ ಮನೆಯಲ್ಲಿ ಏನಾಯಿತೆಂಬುದನ್ನೂ ನೋಡಬೇಕು. ಶ್ರೀಲಂಕಾದಲ್ಲೂ 1977ರವರೆಗೆ ನಮ್ಮದೇ ಪದ್ಧತಿ ಇತ್ತು. ಆ ವರ್ಷ ಯುಎನ್‌ಪಿ ಶೇ 51ರಷ್ಟು ಮತಕ್ಕೆ 168ರಲ್ಲಿ 140 ಸೀಟು ಗೆದ್ದಿತು. ಶೇ 30ರಷ್ಟು ಮತ ಪಡೆದ ಸಿರಿಮಾವೋ ಬಂಡಾರನಾಯಕೆ ಅವರ ಪಕ್ಷಕ್ಕೆ ಎಂಟು! ಶೇ 7ರಷ್ಟು ಮತದ ತಮಿಳು ಪಕ್ಷ 18 ಸೀಟಿನೊಂದಿಗೆ ಅಧಿಕೃತ ವಿರೋಧ ಪಕ್ಷವಾಯಿತು. ಅರ್ಧ ಜನರ ಬೆಂಬಲ ಸದನದಲ್ಲಿ ಆರನೇ ಐದು ಭಾಗವಾಗಿ ಉಬ್ಬಿ ನಿಂತಾಗ ಏನೇನು ಮಾಡಬಹುದೋ ಅದನ್ನೆಲ್ಲ ಯುಎನ್‌ಪಿಯ ನಾಯಕ ಜೆ.ಆರ್. ಜಯವರ್ಧನೆ ಮಾಡಿದರು. 1978ರಲ್ಲಿ ಹೊಸ ಸಂವಿಧಾನ ಬಂತು, ಅಧಿಕಾರವೆಲ್ಲ ಅಧ್ಯಕ್ಷರ ಕೈಗೆ ಹೋಯಿತು. 1980ರಲ್ಲಿ ಸಿರಿಮಾವೋ ಅವರ ನಾಗರಿಕ ಹಕ್ಕು ಕಿತ್ತುಕೊಂಡರು. 1982ರಲ್ಲಿ ಸಂಸತ್ತಿನ ಚುನಾವಣೆಯನ್ನೇ ನಡೆಸದೆ, ಜನಮತ ಗಣನೆಯೊಂದರ ಬಲದಿಂದ ಅದರ ಅವಧಿಯನ್ನು ಆರು ವರ್ಷ ಎಳೆದರು. ಮರುವರ್ಷ ದ್ವೀಪ ಹೊತ್ತಿ ಉರಿಯಿತು. ಉರಿಗೆ ಸೀಟಿನ ಲೆಕ್ಕವೊಂದೇ ಕಾರಣವೆಂದರೆ ಸುಳ್ಳಾದೀತು. ಆದರೆ ತಡೆಯಬೇಕಾದವರಲ್ಲಿ ಶೇ 30ರಷ್ಟು ಮತ ಪಡೆದ ಪಕ್ಷದಿಂದ ಸದನಕ್ಕೆ ಬಂದವರು ಎಂಟೇ ಮಂದಿ ಎಂಬುದನ್ನು ನಾನು ಮರೆಯಲಾರೆ.

ಅದೇ 1978ರ ಸಂವಿಧಾನ ಪ್ರಮಾಣಾನುಗುಣ ಪದ್ಧತಿಯನ್ನೂ ತಂದಿತು. ಅದರಂತೆ ಸಂಸತ್ತಿನ ಚುನಾವಣೆ ನಡೆದದ್ದು 1989ರಲ್ಲಿ. ಅಧ್ಯಕ್ಷರನ್ನು ಆರಿಸುವಾಗ ಅಲ್ಲಿನ ಮತದಾರ 1, 2, 3 ಎಂದು ಮೂವರವರೆಗೆ ಗುರುತಿಸಬಹುದು. 2024ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಯಾರೂ ಅರ್ಧ ದಾಟಲಿಲ್ಲ. ಶೇ 42ರಷ್ಟು ಪಡೆದು ಮುಂದಿದ್ದ ಅನುರ ಕುಮಾರ ದಿಸಾನಾಯಕೆ ಅವರನ್ನು ಗೆದ್ದರೆಂದು ಕೂಡಲೇ ಸಾರಲಿಲ್ಲ. ಎರಡನೇ ಆಯ್ಕೆಗಳನ್ನು ಎಣಿಸಿದ ಮೇಲೆಯೇ ಘೋಷಿಸಿದರು.

ನ್ಯೂಜಿಲೆಂಡಿನ ದಾರಿ ಬೇರೆ. 1978 ಮತ್ತು 1981ರಲ್ಲಿ ಲೇಬರ್ ಪಕ್ಷಕ್ಕೆ ಹೆಚ್ಚು ಮತ, ನ್ಯಾಷನಲ್ ಪಕ್ಷಕ್ಕೆ ಹೆಚ್ಚು ಸೀಟು. ಸೋತವರು ಮುಂದೆ ಅಧಿಕಾರಕ್ಕೆ ಬಂದಾಗ ಆಯೋಗ ರಚಿಸಿದರು. ಅದು 1986ರಲ್ಲಿ ವರದಿ ಕೊಟ್ಟಿತು. 1993ರಲ್ಲಿ ಜನರೇ ಮತ ಹಾಕಿ ಪದ್ಧತಿ ಬದಲಿಸಿದರು. ಈಗ ಒಬ್ಬರಿಗೆ ಎರಡು ಮತ: ಒಂದು ತಮ್ಮ ಕ್ಷೇತ್ರದ ಅಭ್ಯರ್ಥಿಗೆ, ಒಂದು ಪಕ್ಷಕ್ಕೆ. ಕ್ಷೇತ್ರಗಳಲ್ಲಿ ಆದ ಏರುಪೇರನ್ನು ಪಕ್ಷದ ಪಟ್ಟಿಯಿಂದ ಸರಿದೂಗಿಸುತ್ತಾರೆ. ಜರ್ಮನಿಯ ಮಾದರಿಯಿದು.

ಇಷ್ಟು ಹೇಳಿದಾಗ ಗಣಿತದ ಮೇಷ್ಟ್ರು ಕೈ ಅಡ್ಡ ಹಿಡಿದರು. ‘ಆ ಕಡೆ ನೋಡಿದ್ರಿ, ಈ ಕಡೆನೂ ನೋಡಿ ಸಾರ್.’ ನ್ಯಾಯವೇ. ಪ್ರಮಾಣಾನುಗುಣ ಪದ್ಧತಿಯ ಇಸ್ರೇಲಿನಲ್ಲಿ 2019ರಿಂದ 2022ರೊಳಗೆ ಐದು ಚುನಾವಣೆ ನಡೆದವು. ಬೆಲ್ಜಿಯಂ 2010–11ರಲ್ಲಿ 541 ದಿನ ಪೂರ್ಣ ಸರ್ಕಾರವಿಲ್ಲದೆ ಕಳೆಯಿತು. ನನಗೆ ಇದಕ್ಕಿಂತ ಹೆಚ್ಚಿನ ಭಯ ಇನ್ನೊಂದು. ಬೋರ್‌ವೆಲ್ ಬತ್ತಿದಾಗ, ಪಿಂಚಣಿ ನಿಂತಾಗ, ಊರಿನ ಬಸ್ಸು ಬಾರದಾದಾಗ ನಮ್ಮ ಜನ ಹೋಗುವುದು ‘ನಮ್ಮ ಎಮ್ಮೆಲ್ಲೆ’ ಮನೆಗೆ. ಬೆಳಗಿನ ಆರು ಗಂಟೆಗೆ ಶಾಸಕರ ಮನೆ ಜಗುಲಿಯಲ್ಲಿ ಅರ್ಜಿ ಹಿಡಿದು ಕೂತವರನ್ನು ನೋಡಿದ್ದೇನೆ, ನಾನೂ ಕೂತಿದ್ದೇನೆ. ಪಟ್ಟಿಯಿಂದ ಬಂದ ಸದಸ್ಯರಿಗೆ ಅಂಥ ಜಗುಲಿ ಇರುವುದಿಲ್ಲ. ಪಟ್ಟಿಯಲ್ಲಿ ಯಾರು ಮೊದಲು, ಯಾರು ಕೊನೆ ಎಂದು ಬರೆಯುವುದು ಹೈಕಮಾಂಡ್. ಈಗಲೇ ಟಿಕೆಟ್ಟಿಗಾಗಿ ದೆಹಲಿಯ ವಿಮಾನ ಹತ್ತುವವರು ಆಮೇಲೆ ಊರಿಗೆ ಏಕೆ ಬಂದಾರು?

ಆದ್ದರಿಂದ ಪೂರ್ತಿ ಪಟ್ಟಿ ಪದ್ಧತಿ ನನಗೆ ಬೇಡ. ಬೇಕಾದ್ದು ಮೊದಲಿಗೆ ಒಂದು ಸಣ್ಣ ಬದಲಾವಣೆ: ಇರುವ ಕ್ಷೇತ್ರಗಳಲ್ಲೇ ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಗುರುತಿಸುವ ಹಕ್ಕು. ಪ್ರಾಶಸ್ತ್ಯ ಮತ. ಇದೇನೂ ಹೊರಗಿನಿಂದ ತರಬೇಕಾದ ಸರಕಲ್ಲ. ರಾಷ್ಟ್ರಪತಿಯ ಆಯ್ಕೆಯಲ್ಲಿ ನಮ್ಮ ಶಾಸಕರು, ಸಂಸದರು 1, 2, 3 ಎಂದೇ ಬರೆಯುತ್ತಾರೆ, 1969ರಲ್ಲಿ ವಿ.ವಿ. ಗಿರಿ ಗೆದ್ದದ್ದು ಎರಡನೇ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲೆ. ರಾಜ್ಯಸಭೆಗೂ ಹಾಗೆಯೇ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಶಿಕ್ಷಕರ ಏಳು, ಪದವೀಧರರ ಏಳು ಕ್ಷೇತ್ರಗಳಿಗೂ ಹಾಗೆಯೇ. ಶಾಸಕರಿಗೆ ತಮ್ಮ ಎರಡನೇ ಆಯ್ಕೆ ಹೇಳುವ ಹಕ್ಕಿದೆ. ಶಾಸಕರನ್ನು ಆರಿಸುವ ಜನರಿಗೆ ಇಲ್ಲ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ನಾನು ಶಿಕ್ಷಕರ ಕ್ಷೇತ್ರದ ಮತದಾರ. ಮತಗಟ್ಟೆಯಲ್ಲಿ ಅವರೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು. ಅಂಕಿಯಲ್ಲಿ ಬರೆಯಬೇಕು, ಅಕ್ಷರದಲ್ಲಿ ಬರೆದರೆ ತಿರಸ್ಕೃತ. ಕನ್ನಡ ಅಂಕಿಯೂ ನಡೆಯುತ್ತದೆ. ನಾನು ಪ್ರತಿ ಸಲವೂ ೧, ೨, ೩ ಎಂದೇ ಬರೆಯುವುದು. ಮೊದಲ ಸಲ ‘೨’ ಬರೆಯುವಾಗ ಕೈ ತಡೆದಿತ್ತು. ನಮ್ಮವರಲ್ಲದವರಲ್ಲಿ ಯಾರು ವಾಸಿ ಎಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಆ ಪರದೆಯ ಹಿಂದೆ ನಿಂತು ಅರ್ಧ ನಿಮಿಷ ಯೋಚಿಸಿದೆ. ಈಗ ಆ ಚುನಾವಣೆ ಬಂದಾಗ ಅಭ್ಯರ್ಥಿಗಳು ‘ಮೊದಲನೇದು ಬೇರೆಯವರಿಗೆ ಅಂತ ಗೊತ್ತು ಸಾರ್, ಎರಡನೇದಾದ್ರೂ ನಮಗೆ ಕೊಡಿ’ ಎಂದು ಕಾಲೇಜಿಗೆ ಬರುತ್ತಾರೆ. ಎರಡನೆಯದನ್ನು ಕೇಳಲು ಬಂದವರು ನನ್ನ ಮೊದಲನೆಯವರನ್ನು ಬೈಯುವುದಿಲ್ಲ. ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಇಂಥ ಮಾತು ಕೇಳಿದ್ದು ನನಗೆ ನೆನಪಿಲ್ಲ.

ಹಳ್ಳಿಯವರಿಗೆ ಇದು ಕಷ್ಟ ಎನ್ನುವವರು ಗ್ರಾಮ ಪಂಚಾಯಿತಿ ಚುನಾವಣೆ ನೋಡಿಲ್ಲ. ಒಂದೇ ವಾರ್ಡಿನಿಂದ ಇಬ್ಬರು, ಮೂವರು ಸದಸ್ಯರು. ಮತದಾರನಿಗೂ ಅಷ್ಟೇ ಮತ. ಅದನ್ನು ನಮ್ಮ ಹಳ್ಳಿಗಳು ಎಷ್ಟೋ ವರ್ಷಗಳಿಂದ ಸಲೀಸಾಗಿ ನಿಭಾಯಿಸುತ್ತಿವೆ. ಹಾಗೆ ನೋಡಿದರೆ ಪರಿಷತ್ ಚುನಾವಣೆಯಲ್ಲಿ ಅಂಕಿ ಬದಲು ಟಿಕ್ ಹಾಕಿ ಮತ ಕೆಡಿಸಿಕೊಳ್ಳುವವರಲ್ಲಿ ಪದವೀಧರರೇ ಸಾಕಷ್ಟಿದ್ದಾರೆ.

ಪ್ರಾಶಸ್ತ್ಯ ಮತದಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ಮೇಷ್ಟ್ರು ಆಸ್ಟ್ರೇಲಿಯಾದ ಲೆಕ್ಕ ತಂದು ತೋರಿಸಿದರು: 1918ರಿಂದಲೂ ಅಲ್ಲಿ ಈ ಪದ್ಧತಿಯಿದೆ, 2022ರಲ್ಲಿ ಲೇಬರ್ ಪಕ್ಷ ಶೇ 33ಕ್ಕೂ ಕಡಿಮೆ ಮೊದಲ ಪ್ರಾಶಸ್ತ್ಯ ಪಡೆದು ಬಹುಮತ ಪಡೆಯಿತು. ಗೆದ್ದ ಪ್ರತಿಯೊಬ್ಬರೂ ತಮ್ಮ ಕ್ಷೇತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಪ್ಪಿಗೆಯಾಗಿರುತ್ತಾರೆ, ನಿಜ. ಪಕ್ಷಗಳ ಸೀಟಿನ ಪಾಲು ಮತದ ಪಾಲಿಗೆ ಸಮನಾಗುವುದಿಲ್ಲ. ಅದಕ್ಕೆ ನ್ಯೂಜಿಲೆಂಡಿನಂತೆ ಒಂದಿಷ್ಟು ಸರಿದೂಗಿಸುವ ಸ್ಥಾನಗಳು ಬೇಕಾಗುತ್ತವೆ. 1999ರಲ್ಲೇ ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ, ಲೋಕಸಭೆಯ ಸ್ಥಾನಗಳನ್ನು ಕಾಲು ಭಾಗದಷ್ಟು ಹೆಚ್ಚಿಸಿ ಅವನ್ನು ಪಟ್ಟಿಯಿಂದ ತುಂಬಬಹುದೆಂದು ಹೇಳಿತ್ತು. ಕ್ಷೇತ್ರ ಮರುವಿಂಗಡಣೆಯ ಮಾತು ಈಗ ದೇಶದ ತುಂಬ ನಡೆದಿದೆ. ದಕ್ಷಿಣಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂಬ ಜಗ್ಗಾಟದಲ್ಲಿ ಕರ್ನಾಟಕದ 28 ಸೀಟಿನ ಚಿಂತೆ ನನಗೂ ಇದೆ. ಸೀಟುಗಳ ಸಂಖ್ಯೆಯನ್ನೇ ಬದಲಿಸಲು ಕೂತಾಗ ಸೀಟು ಕೊಡುವ ಲೆಕ್ಕವನ್ನೂ ಮೇಜಿನ ಮೇಲಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗದು.

ಒಮ್ಮೆ ವಿಧಾನಸಭಾ ಚುನಾವಣೆಯ ಎಣಿಕೆಗೆ, ಇನ್ನೊಮ್ಮೆ ಪರಿಷತ್ತಿನ ಎಣಿಕೆಗೆ ನನ್ನನ್ನು ಹಾಕಿದ್ದರು. ವಿಧಾನಸಭೆಯದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು. ಎಂಟನೇ ಸುತ್ತು ದಾಟುವಾಗಲೇ ಮೂರನೇ ಸ್ಥಾನದ ಅಭ್ಯರ್ಥಿಯ ಏಜೆಂಟರು ತಮ್ಮ ಹಾಳೆ ಮಡಿಚಿ ಜೇಬಿಗಿಟ್ಟು ಹೊರಟರು. ಅವರ ಮೇಜಿನ ಮುಂದಿನ ಕುರ್ಚಿಗಳು ಖಾಲಿ ಉಳಿದವು. ಅವರ ಅಭ್ಯರ್ಥಿಗೆ ಬಿದ್ದ ಮತಗಳಿಗೆ ಇನ್ನು ಆ ಹಾಲ್‌ನಲ್ಲಿ ಕೆಲಸವಿರಲಿಲ್ಲ.

ಪರಿಷತ್ತಿನ ಎಣಿಕೆ ರಾತ್ರಿ ಹನ್ನೊಂದಾದರೂ ನಡೆದೇ ಇತ್ತು. ಯಾರೂ ಅರ್ಧ ದಾಟಿರಲಿಲ್ಲ. ಕೊನೆಯ ಸ್ಥಾನದವರನ್ನು ಕೈಬಿಟ್ಟರೆಂದು ಮೈಕಿನಲ್ಲಿ ಹೇಳಿದರು. ಅವರ ಮತಪತ್ರಗಳ ಕಟ್ಟನ್ನು ಬಿಚ್ಚಿ, ಒಂದೊಂದರಲ್ಲೂ ‘2’ ಯಾರ ಹೆಸರಿನ ಮುಂದಿದೆ ಎಂದು ನೋಡಿ ಬೇರೆ ಬೇರೆ ತಟ್ಟೆಗಳಿಗೆ ಹಾಕತೊಡಗಿದೆವು. ಸೋತ ಅಭ್ಯರ್ಥಿಯ ಏಜೆಂಟು ಒಬ್ಬ ಹೈಸ್ಕೂಲ್ ಮೇಷ್ಟ್ರು, ವಯಸ್ಸಾದವರು. ‘ಇನ್ನು ನೀವು ಮನೆಗೆ ಹೋಗಬಹುದಲ್ಲ ಸಾರ್’ ಎಂದು ಪಕ್ಕದವರು ಯಾರೋ ಕೇಳಿದರು. ಅವರು ಕುರ್ಚಿಯನ್ನು ಜಾಲರಿಯ ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು, ಹೊಸ ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೇಳಿದರು: ‘ನಮ್ಮ ಮತ ಎಲ್ಲಿಗೆ ಹೋಗ್ತಾವೆ ಅಂತ ನೋಡ್ಬೇಕಲ್ಲ.’